ಲೈನಸ್ ಪೌಲಿಂಗ್ ಮತ್ತು ವಿಟಮಿನ್ ಸಿ ಮಾತ್ರೆ

ಶೀತವಾದರೆ ಮೆಡಿಕಲ್ ಶಾಪ್‌ನಿಂದ ವಿಟಮಿನ್ ಸಿ ಮಾತ್ರೆ ತಂದು ಚೀಪುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಈ ಅಭ್ಯಾಸ ಇಷ್ಟು ಹರಡಲು ಮುಖ್ಯ ಕಾರಣರಾದವರು ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್.

ಪೌಲಿಂಗ್ 1901ರ ಫೆಬ್ರವರಿ 28ರಂದು ಪೋರ್ಟ್‌ಲ್ಯಾಂಡ್ ನಗರದಲ್ಲಿ ಹುಟ್ಟಿದರು. ತಂದೆ ಔಷಧಿ ಅಂಗಡಿ ನಡೆಸುತ್ತಿದ್ದರು. ಮಗನಿಗೆ ಒಂಬತ್ತು ವರ್ಷವಾದಾಗ ಅವರು ತೀರಿಕೊಂಡರು. ತಾಯಿ ರಕ್ತಹೀನತೆಯಿಂದ ನರಳುತ್ತಲೇ, ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಮಕ್ಕಳನ್ನು ಸಾಕಿದರು. ಇತಿಹಾಸದ ಪಾಠ ಪೂರ್ಣಗೊಳಿಸಲಿಲ್ಲ ಎಂದು ಪ್ರೌಢಶಾಲೆ ಪೌಲಿಂಗ್‌ಗೆ ಸರ್ಟಿಫಿಕೇಟ್ ಕೊಡಲಿಲ್ಲ. ಆದರೂ ಕೆಲಸ ಮಾಡುತ್ತಾ ಓದಿ, 1925ರಲ್ಲಿ ಪಿಎಚ್.ಡಿ. ಪಡೆದರು.

ರಕ್ತದಲ್ಲಿರುವ ಕಬ್ಬಿಣ ಆಮ್ಲಜನಕವನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂಬುದನ್ನು ಅವರು 1936ರಲ್ಲಿ ಅಧ್ಯಯನ ಮಾಡಿದರು. ಸಿಕಲ್ ಸೆಲ್ ಕಾಯಿಲೆಗೆ ಹಿಮೋಗ್ಲೋಬಿನ್ ಅಣುವಿನ ದೋಷವೇ ಕಾರಣ ಎಂದು 1949ರಲ್ಲಿ ಅವರೂ ಅವರ ಸಂಗಡಿಗರೂ ತೋರಿಸಿದರು. 1954ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅಣುಬಾಂಬ್ ಪರೀಕ್ಷೆ ನಿಲ್ಲಿಸಬೇಕೆಂದು ಸಾವಿರಾರು ವಿಜ್ಞಾನಿಗಳ ಸಹಿ ಸಂಗ್ರಹಿಸಿ ಹೋರಾಡಿದ್ದಕ್ಕೆ 1962ರ ಶಾಂತಿ ನೊಬೆಲ್ ಕೂಡ ಸಿಕ್ಕಿತು. ಹಲವು ವರ್ಷಗಳ ನಂತರ ಹಳೆಯ ಶಾಲೆಯೂ ಸರ್ಟಿಫಿಕೇಟ್ ಕೊಟ್ಟಿತು!

1970ರಲ್ಲಿ ವಿಟಮಿನ್ ಸಿ ಮತ್ತು ಶೀತದ ಬಗ್ಗೆ ಅವರ ಪುಸ್ತಕ ಬಂತು. ಎರಡು ನೊಬೆಲ್ ಪಡೆದವರ ಮಾತು ಎಂದು ಜನ ನಂಬಿದರು. ಮಾತ್ರೆಗಳ ಮಾರಾಟ ಏರಿತು. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 100 ಮಿಲಿಗ್ರಾಂಗಿಂತ ಕಡಿಮೆ. ಪೌಲಿಂಗ್ ಕೊನೆಕೊನೆಗೆ 18 ಗ್ರಾಂ, ಅಂದರೆ 18,000 ಮಿಲಿಗ್ರಾಂ ಸೇವಿಸುತ್ತಿದ್ದರು. ಇದು ಕ್ಯಾನ್ಸರ್‌ಗೂ ಒಳ್ಳೆಯದು ಎಂದರು. 1979 ಮತ್ತು 1985ರಲ್ಲಿ ಮೇಯೊ ಕ್ಲಿನಿಕ್‌ನ ವೈದ್ಯರು ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 10 ಗ್ರಾಂ ಕೊಟ್ಟು ನೋಡಿದಾಗ ಪ್ರಯೋಜನ ಕಾಣಲಿಲ್ಲ. ಪೌಲಿಂಗ್ ಅದನ್ನು ಒಪ್ಪಲಿಲ್ಲ.

ಪ್ರಯೋಜನವಿಲ್ಲದಿದ್ದರೂ ತೊಂದರೆಯಂತೂ ಇಲ್ಲವಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಎಲ್ಲರ ವಿಷಯದಲ್ಲೂ ಅದು ನಿಜವಲ್ಲ. ವಿಟಮಿನ್ ಸಿ ಊಟದಲ್ಲಿರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರುವಂತೆ ಮಾಡುತ್ತದೆ. ಕಬ್ಬಿಣದ ಕೊರತೆ ಇರುವವರಿಗೆ ಇದು ಲಾಭ. ಆದರೆ ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ನಮ್ಮ ದೇಹದಲ್ಲಿಲ್ಲ. ನಾನು ವಾಣಿಜ್ಯ ವಿಭಾಗದವನು. ನಮ್ಮ ಲೆಕ್ಕದಲ್ಲಿ ಹೇಳಿದರೆ ದಿನದ ಜಮೆ 1ರಿಂದ 2 ಮಿಲಿಗ್ರಾಂ, ಖರ್ಚೂ ಅಷ್ಟೇ. ಒಂದು ಚೀಲ ರಕ್ತ ಕೊಟ್ಟರೆ ಒಮ್ಮೆಗೇ 200 ಮಿಲಿಗ್ರಾಂಗಿಂತ ಹೆಚ್ಚು ಜಮೆಯಾಗುತ್ತದೆ, ಖರ್ಚು ಮಾತ್ರ ಹೆಚ್ಚುವುದಿಲ್ಲ.

ಆದ್ದರಿಂದ ಥಲಸ್ಸೀಮಿಯಾ ಇರುವ ಮಕ್ಕಳಲ್ಲಿ, ಪದೇ ಪದೇ ರಕ್ತ ಪಡೆಯುವ ಸಿಕಲ್ ಸೆಲ್ ರೋಗಿಗಳಲ್ಲಿ ಮತ್ತು ಹುಟ್ಟಿನಿಂದಲೇ ಕಬ್ಬಿಣವನ್ನು ಅತಿಯಾಗಿ ಹೀರುವ ಹಿಮೋಕ್ರೊಮಾಟೋಸಿಸ್ ಇರುವವರಲ್ಲಿ ಕಬ್ಬಿಣ ಯಕೃತ್ತು, ಹೃದಯಗಳಲ್ಲಿ ಶೇಖರವಾಗುತ್ತದೆ. ಅವರು ತಾವಾಗಿಯೇ ದೊಡ್ಡ ಪ್ರಮಾಣದ ಮಾತ್ರೆ ನುಂಗಿದರೆ ಹೃದಯಕ್ಕೇ ಅಪಾಯವಾಗಬಹುದು. ಕಬ್ಬಿಣ ತೆಗೆಯುವ ಔಷಧಿಯ ಜೊತೆ ವೈದ್ಯರು ಕೆಲವೊಮ್ಮೆ ಸ್ವಲ್ಪ ವಿಟಮಿನ್ ಸಿ ಕೊಡುತ್ತಾರೆ. ಅದು ಅವರ ನಿಗಾದಲ್ಲೇ ನಡೆಯಬೇಕು. ಊಟದ ಜೊತೆಗಿನ ನಿಂಬೆಹಣ್ಣಿಗೂ ಗ್ರಾಂಗಟ್ಟಲೆ ಮಾತ್ರೆಗೂ ಬಹಳ ವ್ಯತ್ಯಾಸವಿದೆ.

ಸಿಕಲ್ ಸೆಲ್ ರೋಗದ ಮೂಲ ತೋರಿಸಿದವರೇ ಪೌಲಿಂಗ್. ಎಲ್ಲರಿಗೂ ಒಳ್ಳೆಯದೆಂದು ಅವರು ಸಾರಿದ ಮಾತ್ರೆಯ ಬಗ್ಗೆ ಅದೇ ರೋಗಿಗಳಲ್ಲಿ ಕೆಲವರು ಎಚ್ಚರ ವಹಿಸಬೇಕಾಗಿದೆ. 1994ರ ಆಗಸ್ಟ್ 19ರಂದು, 93ನೇ ವಯಸ್ಸಿನಲ್ಲಿ, ಪೌಲಿಂಗ್ ಕ್ಯಾನ್ಸರ್‌ನಿಂದ ನಿಧನರಾದರು.

ಅವರ ಶ್ರಮ, ಧೈರ್ಯ ನಮಗೆ ಮಾದರಿ. ಆದರೆ ಎಷ್ಟೇ ದೊಡ್ಡವರು ಹೇಳಿದರೂ ಪುರಾವೆ ಕೇಳಬೇಕು. ನಿಮ್ಮ ಮನೆಯಲ್ಲಿ ಪದೇ ಪದೇ ರಕ್ತ ಪಡೆಯುವವರಿದ್ದರೆ, ಮಾತ್ರೆ ಕೊಡುವ ಮೊದಲು ದಯವಿಟ್ಟು ಅವರ ವೈದ್ಯರನ್ನು ಕೇಳಿ.