ಹೆಸರು ಮಾರಾಟವಾಯಿತು, ಮನುಷ್ಯ ಹೊರಗುಳಿದ

ಚಾರ್ಮಾಡಿ ಘಾಟಿ ಇಳಿದು, ಉಜಿರೆ ದಾಟಿ ಧರ್ಮಸ್ಥಳಕ್ಕೆ ಹೋದರೆ ಅಲ್ಲೊಂದು ಹಳೆಯ ಕಾರುಗಳ ಸಂಗ್ರಹವಿದೆ. ಅಂಥ ಕಾರುಗಳನ್ನು ನೋಡಿದಾಗ ನಮ್ಮ ತಲೆಗೆ ಬರೋದು ಅದರಲ್ಲಿ ಕೂತು ಮೆರೆದ ರಾಜರು, ಶ್ರೀಮಂತರು. ಕಟ್ಟಿದವರ ಕಥೆ ಏನಾಯ್ತು ಅಂತ ಯಾರೂ ಕೇಳಲ್ಲ. ಆ ಕಾಲದ ಫ್ರಾನ್ಸಿನ ಲೂಯಿ ದೆಲಾಜ್ ಕಥೆ ಕೇಳುವಂಥದ್ದು.

1874ರಲ್ಲಿ ಕೊನ್ಯಾಕ್ ಊರಿನ ಸಾಧಾರಣ ಮನೆಯಲ್ಲಿ ಹುಟ್ಟಿದವನು. ಅಪ್ಪ ರೈಲ್ವೆ ನೌಕರ. ಒಂದು ಕಣ್ಣು ಕಾಣುತ್ತಿರಲಿಲ್ಲ. ಎಂಜಿನಿಯರಿಂಗ್ ಓದಿ, ಪ್ಯೂಜೋ ಕಂಪನಿಯಲ್ಲಿ ದುಡಿದು, 1905ರಲ್ಲಿ ಪ್ಯಾರಿಸ್ ಪಕ್ಕದಲ್ಲಿ ಸ್ವಂತ ಕಾರ್ಖಾನೆ ತೆರೆದ. ರೇಸ್ ಗೆದ್ದರೆ ಕಾರು ಮಾರಾಟವಾಗುತ್ತೆ ಅನ್ನೋದು ಅವನ ಲೆಕ್ಕ. 1914ರಲ್ಲಿ ಅವನ ಕಾರು ಅಮೆರಿಕದ ಇಂಡಿಯಾನಾಪೊಲಿಸ್ 500 ಗೆದ್ದಿತು. ಆಮೇಲೆ ಯುದ್ಧ ಬಂತು. ಕಾರ್ಖಾನೆ ಶೆಲ್ಲುಗಳ ತಯಾರಿಕೆಗೆ ತಿರುಗಿತು, ದುಡ್ಡು ಹರಿಯಿತು.

ಯುದ್ಧ ಮುಗಿದ ಮೇಲೆ ದೂರ ಪ್ರಯಾಣದ ದೊಡ್ಡ ಕಾರುಗಳು, ಜೊತೆಗೆ ರೇಸಿನ ಹುಚ್ಚು. ಅವನ ಕೇವಲ ಒಂದೂವರೆ ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಸುಮಾರು 170 ಅಶ್ವಶಕ್ತಿ ಕೊಡುತ್ತಿತ್ತು. ಆದರೆ 1926ರಲ್ಲಿ ಹೊಗೆ ಕೊಳವೆ ಚಾಲಕರ ಪಕ್ಕದಲ್ಲೇ ಹಾದುಹೋಗಿ, ಅವರ ಕಾಲು ಸುಟ್ಟಿತು. ಕೊಳವೆಯನ್ನು ಇನ್ನೊಂದು ಬದಿಗೆ ಸರಿಸಿದರು. 1927ರಲ್ಲಿ ರೊಬೇರ್ ಬೆನ್ವಾ ಅದೇ ಕಾರಿನಲ್ಲಿ ಫ್ರಾನ್ಸ್, ಸ್ಪೇನ್, ಇಟಲಿ, ಬ್ರಿಟನ್ ನಾಲ್ಕೂ ಗ್ರ್ಯಾನ್ ಪ್ರಿ ಗೆದ್ದ. ಖಜಾನೆಗೆ ಮಾತ್ರ ಆ ಗೆಲುವು ಭಾರವಾಯ್ತು. ಕಂಪನಿ ರೇಸಿನಿಂದ ಹಿಂದೆ ಸರಿಯಿತು.

1929ರಲ್ಲಿ ಬಂದದ್ದು ಡಿ8. ನಮ್ಮಲ್ಲಿ ಬಸ್ಸಿನ ಚಾಸಿ ಒಬ್ಬರದ್ದು, ಬಾಡಿ ಕಟ್ಟೋರು ಇನ್ನೊಬ್ಬರು ಅಲ್ವಾ? ಹಾಗೇ ದೆಲಾಜ್ ಚಾಸಿ ಮತ್ತು ಎಂಜಿನ್ ಕೊಡುತ್ತಿದ್ದ. ಗಿರಾಕಿ ಮೆಚ್ಚಿದ ಕುಶಲಕರ್ಮಿಗಳು ಮೇಲಿನ ಒಡಲು ಕಟ್ಟುತ್ತಿದ್ದರು. ಅತಿ ಶ್ರೀಮಂತರಿಗೇ ಮಾಡಿದ ಕಾರು ಅದು. ಅದೇ ವರ್ಷ ಅಮೆರಿಕದ ಷೇರು ಮಾರುಕಟ್ಟೆ ಕುಸಿದು, ಮಹಾ ಆರ್ಥಿಕ ಕುಸಿತ ಜಗತ್ತನ್ನೇ ಆವರಿಸಿತು. ಬೆರಳೆಣಿಕೆಯ ಗಿರಾಕಿಗಳನ್ನೇ ನಂಬಿದ ಉದ್ಯಮಕ್ಕೆ ಬೀಳೋಕೆ ಎಷ್ಟು ಹೊತ್ತು ಬೇಕು?

1935ರಲ್ಲಿ ಕಂಪನಿ ದಿವಾಳಿ. ಪ್ರತಿಸ್ಪರ್ಧಿ ದೆಲಾಯೆ ಕಂಪನಿಗೆ ಬೇಕಾಗಿದ್ದದ್ದು ಹೆಸರು, ಮನುಷ್ಯನಲ್ಲ. 1950ರ ದಶಕದ ಆರಂಭದವರೆಗೂ ಕಾರುಗಳ ಮೂತಿಯ ಮೇಲೆ ದೆಲಾಜ್ ಹೆಸರು ಮಿಂಚಿತು. ದೆಲಾಜ್ ಮಾತ್ರ ಅರಮನೆಯಂಥ ಮನೆ ಕಳೆದುಕೊಂಡು, ಕಾರಿಲ್ಲದೆ, ಸೈಕಲ್ ತುಳಿದು ತೀರ್ಥಯಾತ್ರೆಗೆ ಹೋಗುತ್ತಿದ್ದ. 1947ರ ಡಿಸೆಂಬರ್‌ನಲ್ಲಿ, 73ನೇ ವಯಸ್ಸಿನಲ್ಲಿ, ಬಡವನಾಗಿ ತೀರಿಕೊಂಡ.

ಅವನನ್ನು ಹುತಾತ್ಮ ಮಾಡಬೇಕಿಲ್ಲ. ಯುದ್ಧದಲ್ಲಿ ಗಳಿಸಿದ, ಶೋಕಿಯಲ್ಲಿ ಕಳೆದ. ಆದರೆ ಒಂದು ಮಾತು ಗಮನಿಸಿ: ಬಂಡವಾಳ ತನ್ನದೇ ಮಾಲೀಕನನ್ನು ಇಷ್ಟು ಸಲೀಸಾಗಿ ಹೊರಗೆ ಹಾಕಿತು. ಹಾಗಿರುವಾಗ ಹೆಸರೇ ದಾಖಲಾಗದ ಕಾರ್ಮಿಕರ ಪಾಡು ಏನಾಗಿದ್ದೀತು?