ಮನೆಮನೆಗೆ ಕ್ಯಾಮರಾ ತಂದ ಜಾರ್ಜ್ ಈಸ್ಟ್‌ಮನ್

ಮಕ್ಕಳೇ, ನಿಮ್ಮ ಮನೆಯಲ್ಲಿ ಹಳೆಯ ಫೋಟೋ ಆಲ್ಬಂ ಇದೆಯೇ? ಹಿಂದೆ ಸಾಮಾನ್ಯರಿಗೆ ಫೋಟೋ ತೆಗೆಯುವುದು ಸುಲಭವಾಗಿರಲಿಲ್ಲ. ಹಾಸನ ಜಿಲ್ಲೆಯ ಹಳೇಬೀಡಿನ ದೇವಾಲಯವನ್ನು ಲಿನ್ನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರಲ್ಲಿ ಕ್ಯಾಮರಾದಲ್ಲಿ ಸೆರೆಹಿಡಿದರು. ಆಗಿನ ಕ್ಯಾಮರಾ ಒಂದು ದೊಡ್ಡ ಪೆಟ್ಟಿಗೆ!

ಅದೇ ವರ್ಷ ಅಮೆರಿಕದಲ್ಲಿ ಜಾರ್ಜ್ ಈಸ್ಟ್‌ಮನ್ ಹುಟ್ಟಿದರು. ಬಾಲ್ಯದಲ್ಲೇ ತಂದೆ ತೀರಿಕೊಂಡದ್ದರಿಂದ ಶಾಲೆ ಬಿಟ್ಟು ದುಡಿಯಬೇಕಾಯಿತು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದಾಗ ಅವರು ಕ್ಯಾಮರಾ ಕೊಂಡರು. ಜೊತೆಗೆ ಗಾಜಿನ ಫಲಕ, ರಾಸಾಯನಿಕ, ಡೇರೆ ಎಲ್ಲವೂ ಬೇಕಿತ್ತು. ಈ ಹೊರೆ ಇಳಿಸಲು ಅವರು ರಾತ್ರಿ ಹೊತ್ತು ತಾಯಿಯ ಅಡುಗೆಮನೆಯಲ್ಲಿ ಪ್ರಯೋಗ ನಡೆಸಿದರು.

ಮುಂದೆ ಗಾಜಿನ ಬದಲು ಸುರುಳಿ ಫಿಲ್ಮ್ ಬಂತು. ಅದರ ಮೇಲೆ ಬೆಳ್ಳಿಯ ಲವಣಗಳ ಲೇಪವಿರುತ್ತದೆ. ಬೆಳಕು ಬಿದ್ದಲ್ಲಿ ಲವಣ ಬದಲಾಗುತ್ತದೆ; ರಾಸಾಯನಿಕದಲ್ಲಿ ತೊಳೆದಾಗ ಚಿತ್ರ ಮೂಡುತ್ತದೆ. 1888ರ ಕೊಡಾಕ್ ಕ್ಯಾಮರಾದಲ್ಲಿ 100 ಚಿತ್ರ ತೆಗೆಯಬಹುದಿತ್ತು. ಬೆಲೆ 25 ಡಾಲರ್. 1900ರಲ್ಲಿ ಬಂದ ಬ್ರೌನಿ ಕ್ಯಾಮರಾಕ್ಕೆ 1 ಡಾಲರ್ ಮಾತ್ರ. ಮಕ್ಕಳೂ ಅದನ್ನು ಬಳಸಿದರು. ತಮ್ಮನ ಆಟ, ಅಜ್ಜಿಯ ನಗು ಆಲ್ಬಂ ಸೇರಿದವು.

ಈಸ್ಟ್‌ಮನ್ 1932ರಲ್ಲಿ ನಿಧನರಾದರು. ಇಂದು ಮೊಬೈಲಿನಲ್ಲೇ ಫೋಟೋ ತೆಗೆಯುತ್ತೇವೆ. ಆದರೆ ಚಿತ್ರದಲ್ಲಿರುವವರು ಯಾರೆಂದು ಬಲ್ಲವರು ಇಲ್ಲವಾದರೆ, ನಮ್ಮವರೇ ನಮಗೆ ಅಪರಿಚಿತರಾಗುತ್ತಾರೆ. ಹಿರಿಯರನ್ನು ಕೇಳಿ, ಹಳೆಯ ಫೋಟೋಗಳ ಹಿಂದೆ ಹೆಸರು, ಊರು, ವರ್ಷವನ್ನು ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ. ಬಿಸಿಲು, ತೇವ ತಾಗದಂತೆ ಇಡಿ.