ಸ್ವೆಟರ್‌ನ 10,000 ವೋಲ್ಟ್ ಕೊಲ್ಲಲ್ಲ, ಮನೆಯ 230 ವೋಲ್ಟ್ ಕೊಲ್ಲುತ್ತೆ! ಯಾಕೆ? ಶಾಕ್ ತಿಂದ ಬೆಂಜಮಿನ್ ಫ್ರಾಂಕ್ಲಿನ್ ಕಥೆ

ಚಳಿಗಾಲದಲ್ಲಿ ಸ್ವೆಟರ್ ತೆಗೆದು ಬಾಗಿಲ ಚಿಲಕ ಮುಟ್ಟಿದರೆ ಚಟ್ ಎಂದು ಕಿಡಿ ಹಾರುತ್ತದೆ. ಆ ಕಿಡಿಯ ಹಿಂದೆ 10,000 ವೋಲ್ಟ್‌ವರೆಗೂ ಇರಬಹುದು. ಇದು ನಿಜ. ಆದರೆ ಅಷ್ಟಕ್ಕೇ ಏನೂ ಆಗದ ಮೇಲೆ ಮನೆಯ 230 ವೋಲ್ಟ್ ಯಾವ ಲೆಕ್ಕ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ವೋಲ್ಟ್ ಬೇರೆ, ಪವರ್ ಬೇರೆ. ಈ ವ್ಯತ್ಯಾಸವನ್ನು ತಮ್ಮ ಮೈಮೇಲೆಯೇ ಕಂಡವರು ಬೆಂಜಮಿನ್ ಫ್ರಾಂಕ್ಲಿನ್.

ಫ್ರಾಂಕ್ಲಿನ್ ಹುಟ್ಟಿದ್ದು 1706ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ. ತಂದೆ ಮೇಣದಬತ್ತಿ, ಸೋಪು ಮಾಡಿ ಮಾರುತ್ತಿದ್ದರು. 17 ಮಕ್ಕಳ ಸಂಸಾರ. ಹತ್ತು ವರ್ಷಕ್ಕೇ ಶಾಲೆ ನಿಂತಿತು. ಅಣ್ಣನ ಪ್ರೆಸ್ಸಿನಲ್ಲಿ ಕೆಲಸ ಕಲಿತ ಹುಡುಗ 17ನೇ ವಯಸ್ಸಿಗೆ ಓಡಿಹೋಗಿ ಫಿಲಡೆಲ್ಫಿಯಾ ಸೇರಿದ. ಅಲ್ಲಿ ಸ್ವಂತ ಪ್ರೆಸ್, ಪತ್ರಿಕೆ, ಕೈತುಂಬ ಹಣ. 42ಕ್ಕೆಲ್ಲ ವ್ಯಾಪಾರದ ನಿತ್ಯದ ಕೆಲಸ ಬಿಟ್ಟರು. ಅಷ್ಟರಲ್ಲಾಗಲೇ ಲಂಡನ್ನಿನ ಗೆಳೆಯ ಪೀಟರ್ ಕಾಲಿನ್ಸನ್ ಕಳಿಸಿದ್ದ ಒಂದು ಗಾಜಿನ ಕೊಳವೆ ಅವರಿಗೆ ಹುಚ್ಚು ಹಿಡಿಸಿತ್ತು. ಅದನ್ನು ಉಜ್ಜಿದರೆ ಕಿಡಿ ಬರುತ್ತಿತ್ತು, ನಮ್ಮ ಸ್ವೆಟರ್‌ನಂತೆಯೇ.

ಆಗಿನ ಇನ್ನೊಂದು ಹೊಸ ವಸ್ತು ಲೈಡನ್ ಜಾಡಿ. ಗಾಜಿನ ಜಾಡಿಯ ಒಳಗೆ ನೀರು ಅಥವಾ ಲೋಹದ ಹಾಳೆ, ಹೊರಗೂ ಲೋಹದ ಹಾಳೆ. ಉಜ್ಜಿ ಬಂದ ಚಾರ್ಜನ್ನು ಇದರಲ್ಲಿ ತುಂಬಿಡಬಹುದು. ಫ್ರಾಂಕ್ಲಿನ್ ಇಂಥ ಜಾಡಿಗಳ ಶಾಕ್ ಕೊಟ್ಟು ಕೋಳಿಗಳನ್ನು ಕೊಂದು ನೋಡುತ್ತಿದ್ದರು. ಹಾಗೆ ಕೊಂದ ಕೋಳಿಯ ಮಾಂಸ ಮೆತ್ತಗಿರುತ್ತದೆ ಎಂಬುದು ಅವರ ನಂಬಿಕೆ!

1750ರ ಡಿಸೆಂಬರ್‌ನಲ್ಲಿ ಒಂದು ಟರ್ಕಿ ಕೋಳಿಯ ಸರದಿ. ಎರಡು ದೊಡ್ಡ ಜಾಡಿಗಳು ತುಂಬಿದ್ದವು. ಸುತ್ತ ಜನ ಮಾತಾಡುತ್ತಿದ್ದರು. ಫ್ರಾಂಕ್ಲಿನ್ ಒಂದು ಕೈಯಲ್ಲಿ ಜಾಡಿಯ ಹೊರಮೈಗೆ ಸೇರಿದ ಸರಪಳಿ ಹಿಡಿದಿದ್ದರು. ಇನ್ನೊಂದು ಕೈ ಮರೆತು ಮೇಲಿನ ತಂತಿಗೆ ತಾಗಿತು. ಕೋಳಿಗೆ ಹೋಗಬೇಕಾದದ್ದು ಅವರ ಎರಡೂ ತೋಳುಗಳ ನಡುವೆ ಹಾದುಹೋಯಿತು. ಪಿಸ್ತೂಲು ಹಾರಿದಂಥ ಸದ್ದಾಯಿತು, ದೊಡ್ಡ ಬೆಳಕು ಬಂತು ಎಂದು ನೋಡಿದವರು ಹೇಳಿದರು. ಫ್ರಾಂಕ್ಲಿನ್‌ಗೆ ಮಾತ್ರ ಏನೂ ಕಾಣಲಿಲ್ಲ, ಕೇಳಿಸಲಿಲ್ಲ. ಮೈಯೆಲ್ಲ ನಡುಗಿತು. ತೋಳು, ಕತ್ತಿನ ಹಿಂಭಾಗ ಬೆಳಗಿನವರೆಗೂ ಜೋಮು ಹಿಡಿದಂತಿತ್ತು. ನಾಚಿಕೆಯಾಗಿ, ಇದನ್ನು ಎಲ್ಲರಿಗೂ ಹೇಳಬೇಡಿ ಎಂದು ಪತ್ರದಲ್ಲಿ ಕೇಳಿಕೊಂಡಿದ್ದರು.

ಕೊಳವೆಯ ಕಿಡಿಗೂ ಸಾವಿರಾರು ವೋಲ್ಟ್, ಜಾಡಿಗೂ ಸಾವಿರಾರು ವೋಲ್ಟ್. ಹಾಗಾದರೆ ಒಂದು ಆಟ, ಇನ್ನೊಂದು ಪ್ರಾಣಸಂಕಟ ಯಾಕೆ? ಮಹಡಿಯ ಮೇಲಿನ ಟ್ಯಾಂಕಿನಿಂದ ತಲೆಗೆ ಒಂದು ಹನಿ ಬಿದ್ದರೆ ಒರೆಸಿಕೊಳ್ಳುತ್ತೇವೆ. ಅದೇ ಎತ್ತರದಿಂದ ತುಂಬಿದ ಕೊಡ ಬಿದ್ದರೆ? ಎತ್ತರವೇ ವೋಲ್ಟ್, ನೀರೇ ಚಾರ್ಜ್. ಜಾಡಿಯಲ್ಲಿ ನೀರು ಹೆಚ್ಚಿತ್ತು, ಅಷ್ಟೇ. (ವೋಲ್ಟ್ ಎಂಬ ಪದವೇ ಆಗ ಇರಲಿಲ್ಲ. ಆ ಹೆಸರಿಗೆ ಕಾರಣನಾದ ವೋಲ್ಟಾ ಆಗ ಇಟಲಿಯಲ್ಲಿ ಐದು ವರ್ಷದ ಮಗು.)

ಈಗ ಲೆಕ್ಕ ಹಾಕೋಣ. ಮೈಮೇಲೆ 10,000 ವೋಲ್ಟ್ ಇದ್ದಾಗಲೂ ಅಲ್ಲಿ ತುಂಬಿರುವ ಶಕ್ತಿ ಸುಮಾರು 0.005 ಜೂಲ್ ಮಾತ್ರ. ಆ ಕ್ಷಣದ ಪವರ್ ಸಾವಿರಾರು ವ್ಯಾಟ್ ದಾಟುತ್ತದೆ, ಆದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದೊಳಗೇ ಎಲ್ಲ ಖಾಲಿ. ಪೆಟ್ರೋಲ್ ಆವಿ ಹೊತ್ತಿಸಲು ಅದು ಸಾಕು, ಮನುಷ್ಯನನ್ನು ಕೊಲ್ಲಲು ಸಾಲದು. ಇನ್ನು ಮನೆಯ ಕರೆಂಟ್: ಒದ್ದೆ ಕೈಯಾದರೆ ಮೈಯ ತಡೆ ಸುಮಾರು 1,000 ಓಮ್ ಎಂದುಕೊಳ್ಳಿ. 230 ವೋಲ್ಟ್‌ಗೆ 0.23 ಆಂಪಿಯರ್ ಹರಿಯುತ್ತದೆ. ಎರಡನ್ನೂ ಗುಣಿಸಿದರೆ 53 ವ್ಯಾಟ್, ಅಂದರೆ ಪ್ರತಿ ಸೆಕೆಂಡಿಗೆ 53 ಜೂಲ್. ಸ್ವೆಟರ್‌ನ ಕಿಡಿಯ 10 ಸಾವಿರ ಪಟ್ಟು! ಕೈ ಬಿಡಿಸುವವರೆಗೂ ಅದು ನಿಲ್ಲುವುದಿಲ್ಲ. ಹೃದಯದ ಬಡಿತ ಕೆಡಿಸಲು ಇದರ ಅರ್ಧದಷ್ಟು ಕರೆಂಟ್ ಕೂಡ ಬೇಕಿಲ್ಲ.

ಮೈಕ್ರೋವೇವ್ ಒಳಗಿನ ಕೆಪಾಸಿಟರ್ ಕೂಡ ಲೈಡನ್ ಜಾಡಿಯ ಮೊಮ್ಮಗನೇ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಯೂಟ್ಯೂಬ್ ನೋಡಿ ನೀವೇ ಬಿಚ್ಚಲು ಹೋಗಬೇಡಿ.

1752ರ ಗಾಳಿಪಟದ ಕಥೆ ನಿಮಗೆ ಗೊತ್ತಿದ್ದೇ ಇರುತ್ತದೆ. ಗಾಳಿಪಟಕ್ಕೆ ಸಿಡಿಲು ಬಡಿಯಿತು ಎಂಬುದು ಮಾತ್ರ ಸುಳ್ಳು. ಮೋಡದ ಪ್ರಭಾವದಿಂದ ದಾರಕ್ಕೆ ಸ್ವಲ್ಪ ಚಾರ್ಜ್ ಬಂದು, ಅದಕ್ಕೆ ಕಟ್ಟಿದ್ದ ಬೀಗದ ಕೈಯಿಂದ ಕಿಡಿ ಹಾರಿತು, ಅಷ್ಟೇ. ಸಿಡಿಲೇ ಬಡಿದಿದ್ದರೆ ಫ್ರಾಂಕ್ಲಿನ್ ಉಳಿಯುತ್ತಿರಲಿಲ್ಲ. ಮರುವರ್ಷವೇ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ವಿಜ್ಞಾನಿ ರಿಚ್‌ಮನ್, ಗುಡುಗು ಮಳೆಯಲ್ಲಿ ಇಂಥದ್ದೇ ಪ್ರಯೋಗ ಮಾಡಲು ಹೋಗಿ ಸತ್ತರು.

ಫ್ರಾಂಕ್ಲಿನ್ ಮಿಂಚುಬಂಧಕ ಕೊಟ್ಟರು, 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದರು. ಇವತ್ತಿಗೂ 100 ಡಾಲರ್ ನೋಟಿನ ಮೇಲೆ ಇರುವುದು ಅವರದೇ ಮುಖ. 1790ರ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ, ಫಿಲಡೆಲ್ಫಿಯಾದ ಮನೆಯಲ್ಲಿ ತೀರಿಕೊಂಡರು. ಕಾರಣ ಕರೆಂಟ್ ಅಲ್ಲ, ಶ್ವಾಸಕೋಶದ ಕಾಯಿಲೆ.